ಬಾಗಿಲ ಪಕ್ಕದ ಜಾಗ

26 ಮೇ 2019, ಭಾನುವಾರ. ಸಾಗರ

ಪುಟ್ಟಿಯ ಸೈಕಲ್ ಇಲ್ಲ.

ಹಾಲು ತರಲು ಬಾಗಿಲು ತೆಗೆದಾಗ ಜಗಲಿಯ ಆ ಮೂಲೆ ಖಾಲಿ. ಅವಳೇ ಒಯ್ದಿರಬೇಕು ಅಂದುಕೊಂಡೆ. ಎಂಟು ಗಂಟೆಗೆ ಬಂದು ಕೇಳಿದಳು, "ಟೀಚರ್, ಸೈಕಲ್ ಹಿಂದೆ ಇಟ್ಟಿದ್ದೀರಾ?"

ಹಿಂದಿನ ಗಾಲಿಗೆ ಬೀಗ ಹಾಕಿದ್ದಳಂತೆ. ಹಾಕಿರುತ್ತಾಳೆ, ಮರೆಯುವ ಹುಡುಗಿ ಅಲ್ಲ. ಹೆಗಲ ಮೇಲೆ ಹೊತ್ತುಕೊಂಡು ಹೋಗುವವನಿಗೆ ಆ ಬೀಗದಿಂದ ಏನು ತೊಂದರೆ?

ರಾತ್ರಿ ಗೇಟಿನ ಚಿಲಕ ಹಾಕಿದ್ದೆನೇ? ಹಾಕಿದ ನೆನಪಿದೆ. ಅದು ನಿನ್ನೆಯ ನೆನಪೋ ಮೊನ್ನೆಯದೋ ಗೊತ್ತಾಗುತ್ತಿಲ್ಲ.

ಅದೇ ದಿನ, ರಾತ್ರಿ

ಪುಟ್ಟಿಯವರ ಮನೆ ಗುಡ್ಡದ ಮೇಲೆ. ಮಳೆ ಹಿಡಿದರೆ ಆ ಕಾಲುದಾರಿಯಲ್ಲಿ ಸೈಕಲ್ ಹತ್ತಿಸಲು ಆಗುವುದಿಲ್ಲ. "ಇಲ್ಲೇ ಬಿಟ್ಟು ಹೋಗು" ಅಂದವಳು ನಾನೇ. ಎರಡು ವರ್ಷವಾಯಿತು.

ಅವಳ ಅಮ್ಮ ಸಂಜೆ ಬಂದಿದ್ದಳು. "ಹೋಗಲಿ ಬಿಡಿ ಅಮ್ಮಾ, ನೀವೇನು ಮಾಡ್ತೀರಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

27 ಮೇ, ಸೋಮವಾರ

ಠಾಣೆಗೆ ಹೋದೆವು. ಫ್ರೇಮ್ ನಂಬರ್ ಕೇಳಿದರು. ಪುಟ್ಟಿ ನನ್ನ ಮುಖ ನೋಡಿದಳು, ನಾನು ಅವಳದ್ದು. ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಬಂದ ಸೈಕಲ್, ಎಲ್ಲವೂ ಒಂದೇ ಥರ. ಗುರುತು ಏನು ಅಂದಾಗ "ಬೆಲ್ಲಿನ ಮೇಲೆ ನವಿಲಿನ ಸ್ಟಿಕ್ಕರ್ ಇದೆ" ಅಂದಳು. ಅದನ್ನೂ ಬರೆದುಕೊಂಡರು.

2006–07ರಲ್ಲಿ ಆ ಯೋಜನೆ ಶುರುವಾದಾಗ ನಾನಿನ್ನೂ ಕೆಲಸದಲ್ಲಿದ್ದೆ. ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದವನ್ನು ಶಾಲೆಯ ಅಂಗಳದಲ್ಲೇ ಜೋಡಿಸಿದ್ದರು. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಅನ್ನು ಮಕ್ಕಳು ತಿಂಗಳಾದರೂ ಕೀಳಲಿಲ್ಲ. ಮೂರು ನಾಲ್ಕು ಮೈಲಿ ನಡೆದು ಬರುತ್ತಿದ್ದ ಹುಡುಗಿಯರು. ಅಂಥ ಸೈಕಲ್ ನಮ್ಮ ಜಗಲಿಯಿಂದ ಹೋಯಿತು.

28 ಮೇ, ಮಂಗಳವಾರ

ಹಿತ್ತಿಲ ಕೊಟ್ಟಿಗೆಯ ಬಾಗಿಲು ತೆಗೆಸಿದೆ. ದನ ಮಾರಿದ ಮೇಲೆ ಸೌದೆ ಕೊಟ್ಟಿಗೆ, ಗ್ಯಾಸ್ ಬಂದ ಮೇಲೆ ಬೇಡದ್ದನ್ನೆಲ್ಲ ತಳ್ಳುವ ಜಾಗ. ಅಳೆದೆ. ಹತ್ತಡಿ ಉದ್ದ, ಏಳಡಿ ಅಗಲ. ಉದ್ದದ ಗೋಡೆಯ ತುದಿಗೆ ಬಾಗಿಲು.

ಒಳಗಿದ್ದದ್ದು:
ಅಪ್ಪನ ಹರ್ಕ್ಯುಲಿಸ್.
ಇವರ ಅಟ್ಲಾಸ್.
ನನ್ನ ಲೇಡೀಸ್ ಸೈಕಲ್, ಬಿಎಸ್‌ಎ. 1988ರದ್ದು.
ಮಗನ ಗೇರ್ ಸೈಕಲ್.
ಅವನದೇ ಚಿಕ್ಕಂದಿನ ಪುಟಾಣಿ ಸೈಕಲ್, ಒಂದು ಪೆಡಲ್ ಇಲ್ಲ.

ಒಂದರ ಹ್ಯಾಂಡಲ್ ಇನ್ನೊಂದರ ಬ್ರೇಕಿನೊಳಗೆ ಸಿಕ್ಕಿಕೊಂಡು ಎಲ್ಲವೂ ಒಂದೇ ರಾಶಿ. ಅಪ್ಪನದನ್ನು ಎಳೆದರೆ ಐದೂ ಬಂದವು. ಹೋದ ಮಳೆಗಾಲ ಅದಕ್ಕೆ ಒಳ್ಳೆಯದಾಗಲಿ ಎಂದು ಪ್ಲಾಸ್ಟಿಕ್ ಹೊದಿಸಿದ್ದೆ. ಒಳಗೇ ಬೆವೆತು ಹ್ಯಾಂಡಲ್ ಪೂರ್ತಿ ತುಕ್ಕು. ಬಟ್ಟೆ ಹೊದಿಸಬೇಕಿತ್ತು.

"ಗುಜರಿಗೆ ಹಾಕು, ಜಾಗವಾದರೂ ಆಗುತ್ತೆ" ಅಂದರು ಇವರು. ನಾನು ಮಾತಾಡಲಿಲ್ಲ.

29 ಮೇ, ಬುಧವಾರ

ತೆಂಗಿನಕಾಯಿ ಕೀಳುವ ಹುಡುಗ ಬಂದಿದ್ದ. ಸೈಕಲ್ ಬಗ್ಗೆ ನಾನು ಏನೂ ಕೇಳಲಿಲ್ಲ. ಆದರೆ ಅವನನ್ನು ನೋಡಿದ ರೀತಿಯಲ್ಲೇ ಕೇಳಿದ ಹಾಗಾಯಿತೋ ಏನೋ. ಕಾಫಿ ಕುಡಿಯದೆ ಹೋದ. ಪ್ರತಿ ಸಲ ಕುಡಿದೇ ಹೋಗುವವನು.

ನನ್ನ ಬಗ್ಗೆ ನನಗೇ ಅಸಹ್ಯ.

31 ಮೇ, ಶುಕ್ರವಾರ

ಶಾಲೆ ಶುರುವಾಗಿದೆ. ಪುಟ್ಟಿ ಈಗ ಹತ್ತನೇ ತರಗತಿ. ನಡೆದುಕೊಂಡೇ ಹೋಗುತ್ತಿದ್ದಾಳೆ. ನಮ್ಮ ಗೇಟಿನ ಮುಂದೆ ಬಂದಾಗ ಈ ಕಡೆ ತಿರುಗದೆ ನೆಟ್ಟಗೆ ಹೋದಳು. ತಡವಾಗಿತ್ತೇನೋ.

1 ಜೂನ್, ಶನಿವಾರ

ಸೈಕಲ್ ತೂಗುಹಾಕಲು ಕೊಟ್ಟಿಗೆಯ ಗೋಡೆಗೆ ಕೊಕ್ಕೆ ಹೊಡೆಸೋಣವೆಂದರೆ ಜಂಬಿಟ್ಟಿಗೆ ಕಲ್ಲು. ಡ್ರಿಲ್ ಇಟ್ಟರೆ ಪುಡಿಪುಡಿಯಾಗಿ ತೂತು ದೊಡ್ಡದಾಗುತ್ತದೆ, ಬೋಲ್ಟು ಹಿಡಿಯುವುದಿಲ್ಲ. ಅಪ್ಪನ ಸೈಕಲ್ಲೇ ಇಪ್ಪತ್ತು ಕಿಲೋ ಮೇಲಿದೆ. ಬಡಗಿ ಮೇಲೆ ನೋಡಿ, "ತೊಲೆ ಇದೆಯಲ್ಲ ಅಮ್ಮಾ, ಗೋಡೆ ಯಾಕೆ?" ಅಂದ. ಹಲಸಿನ ತೊಲೆ. ಅಜ್ಜ ಹಾಕಿಸಿದ್ದು, ಉಗುರು ಇಳಿಯುವುದಿಲ್ಲ.

ನೆಲದ ಲೆಕ್ಕ ನನ್ನದು. ಸೈಕಲ್ಲಿನ ಉದ್ದ ಆರಡಿ ಒಳಗೆ. ಅಗಲದ ಏಳಡಿಗೆ ಅಡ್ಡಡ್ಡ ನಿಲ್ಲುತ್ತವೆ. ಹ್ಯಾಂಡಲ್ ಎರಡಡಿ. ಎಲ್ಲವನ್ನೂ ಒಂದೇ ಕಡೆ ಮುಖ ಮಾಡಿ ನಿಲ್ಲಿಸಿದರೆ ಮೂರಕ್ಕೆ ಆರಡಿ ಬೇಕು. ಒಂದರ ಮುಖ ಆಚೆ, ಮುಂದಿನದರ ಮುಖ ಈಚೆ ಮಾಡಿದರೆ ಹ್ಯಾಂಡಲ್ ಪಕ್ಕದ್ದರ ಕ್ಯಾರಿಯರ್ ಮೇಲೆ ಹಾದುಹೋಗುತ್ತದೆ. ನಾಲ್ಕೂವರೆ ಅಡಿ ಸಾಕು. ಬೆಂಕಿಪೆಟ್ಟಿಗೆಯಲ್ಲಿ ಮಕ್ಕಳು ಕಡ್ಡಿ ಜೋಡಿಸಿದ ಹಾಗೆ.

ಹಾಗಾದರೆ ಮೂರು ನೆಲದ ಮೇಲೆ, ಎರಡು ತೊಲೆಗೆ. ಬಾಗಿಲ ಪಕ್ಕ ಅಪ್ಪನದ್ದು.

3 ಜೂನ್, ಸೋಮವಾರ

ಇವತ್ತು ವಿಶ್ವ ಸೈಕಲ್ ದಿನ. ಕಳೆದ ವರ್ಷದಿಂದ ವಿಶ್ವಸಂಸ್ಥೆ ಆಚರಣೆಗೆ ತಂದಿದೆ ಎಂದು ಮಗ ಫೋನಿನಲ್ಲಿ ಹೇಳಿದ. ಅವನ ಗೇರ್ ಸೈಕಲ್ ಬಗ್ಗೆ ಕೇಳಲಿಲ್ಲ. ನಾನೇ ಹೇಳಿದೆ. "ಅದು ಇನ್ನೂ ಇದೆಯಾ?" ಅಂದ.

ಬೆಳಗಿನಿಂದ ಐದನ್ನೂ ಮಗುಚಿ ಹಾಕಿ ನಂಬರ್ ಹುಡುಕಿದೆ. ಪೆಡಲ್ ತಿರುಗುವ ಕೊಳವೆಯ ಅಡಿಯಲ್ಲಿ, ಇಲ್ಲದಿದ್ದರೆ ಸೀಟಿನ ಕೆಳಗಿನ ಪೈಪಿನ ಮೇಲೆ ಒತ್ತಿರುತ್ತಾರೆ. ಸೀಮೆಎಣ್ಣೆಯಲ್ಲಿ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಆಡಿಸಿದೆ. ನಾಣ್ಯದ ಅಚ್ಚು ಮೂಡುವ ಹಾಗೆ ಒಂದೊಂದೇ ಅಂಕೆ ಬಂತು. ಅಪ್ಪನದರಲ್ಲಿ ಕೊನೆಯ ಎರಡು ತುಕ್ಕು ತಿಂದಿವೆ.

ಅದರ ಮುಂದಿನ ಮಡ್‌ಗಾರ್ಡ್ ಬುಡದಲ್ಲಿ ಮುನ್ಸಿಪಾಲಿಟಿ ಬಿಲ್ಲೆ ಇನ್ನೂ ಇದೆ. ವರ್ಷ ವರ್ಷ ತೆರಿಗೆ ಕಟ್ಟಿ ಬಿಲ್ಲೆ ಬದಲಾಯಿಸಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ, ಕತ್ತಲಾದ ಮೇಲೆ ದೀಪ ಇಲ್ಲದಿದ್ದರೆ ಹಿಡಿಯುತ್ತಿದ್ದರು. ಬಾರಿನ ಮೇಲೆ ಟವಲ್ ಸುತ್ತಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದ ಅಪ್ಪ, ಡೈನಮೋ ಗಾಲಿಗೆ ತಾಗಿದಾಗ ಆಗುತ್ತಿದ್ದ ಆ ಗುಂಯ್ ಸದ್ದು. ಸುಮ್ಮನೆ ಒಮ್ಮೆ ಗಾಲಿ ತಿರುಗಿಸಿದೆ. ಸದ್ದು ಬಂತು. ದೀಪ ಬರಲಿಲ್ಲ.

4 ಜೂನ್, ಮಂಗಳವಾರ

ಹೊರಗಿನಿಂದ ಕೊಟ್ಟಿಗೆ ಬಾಗಿಲನ್ನು ಸರಿಯಾಗಿ ನೋಡಿದ್ದು ಇವತ್ತೇ. ಬೀಗ ದೊಡ್ಡದು, ಹಿತ್ತಾಳೆಯದು. ಅದು ಕೂತಿರುವ ಕೊಂಡಿ ನಿಂತದ್ದು ನಾಲ್ಕು ಸ್ಕ್ರೂಗಳ ಮೇಲೆ, ನಾಲ್ಕರ ತಲೆಯೂ ಹೊರಗೆ. ಸ್ಕ್ರೂಡ್ರೈವರ್ ಇದ್ದವನು ಬೀಗ ಮುಟ್ಟದೆ ಒಳಗೆ ಬರಬಹುದು.

ಬಾಗಿಲಿಗೆ ಆರಪಾರ ಬೋಲ್ಟು ಹಾಕಿಸಿದೆ. ಹೊರಗೆ ದುಂಡು ತಲೆ, ನಟ್ಟು ಒಳಗೆ. ಬಾಗಿಲಿನ ಕೀಲುಗಳಿಗೂ ಹಾಗೇ.

ನೆಲದಲ್ಲಿ ಒಂದೂವರೆ ಅಡಿ ಗುಂಡಿ. ವೆಲ್ಡಿಂಗ್ ಅಂಗಡಿಯವರು ಕಬ್ಬಿಣದ ಸರಳನ್ನು ಲಾಳದಂತೆ ಬಗ್ಗಿಸಿ, ಕಾಲು ಎರಡನ್ನೂ ಹೊರಕ್ಕೆ ಮಡಿಚಿ ಕೊಟ್ಟರು. ಎಳೆದರೆ ಕಿತ್ತು ಬರಬಾರದಲ್ಲ. ಜಲ್ಲಿ, ಮರಳು, ಸಿಮೆಂಟು. ಒಂದು ವಾರ ಒದ್ದೆ ಗೋಣಿ ಹಾಕಿಡಬೇಕು. ಗಟ್ಟಿಯಾದ ಮೇಲೆ ಸರಪಳಿ. ಗಾಲಿಗಲ್ಲ, ಫ್ರೇಮಿನೊಳಗೆ ಹಾಯಿಸಬೇಕು.

ಮೊದಲೇ ಇದನ್ನೆಲ್ಲ ಮಾಡಿದ್ದರೆ.

8 ಜೂನ್, ಶನಿವಾರ

ಮುಂಗಾರು ಇವತ್ತು ಕೇರಳ ಮುಟ್ಟಿದೆ. ಒಂದು ವಾರ ತಡ. ಇವತ್ತಿನಿಂದ ಮೃಗಶಿರ ಮಳೆ.

ಬಿಎಸ್‌ಎಯನ್ನು ಸೈಕಲ್ ಶಾಪಿಗೆ ಒಯ್ದೆ. ಎರಡು ಟೈರು, ಎರಡು ಟ್ಯೂಬು, ಬ್ರೇಕಿನ ರಬ್ಬರು. ಚೈನು ಬಿಚ್ಚಿ ಎಣ್ಣೆಯಲ್ಲಿ ಅದ್ದಿಟ್ಟರು. ಗಾಳಿ ಇಲ್ಲದೆ ವರ್ಷಗಟ್ಟಲೆ ನಿಂತದ್ದಕ್ಕೆ ಟೈರಿನ ಪಕ್ಕೆ ಸೀಳಿದ್ದು ಅಂದರು. ಯಾಕೆ ಮಾಡಿಸುತ್ತಿದ್ದೇನೆಂದು ಇವರು ಕೇಳಲಿಲ್ಲ. ಅವರಿಗೆ ಗೊತ್ತು.

ಪುಟ್ಟಿಗೆ ಕೊಡಬಹುದೇ? ಹಳೆಯದನ್ನು ಕೊಟ್ಟು ಕೈ ತೊಳೆದುಕೊಂಡರು ಅಂತ ಅವಳ ಅಮ್ಮನಿಗೆ ಅನ್ನಿಸಿದರೆ? ಹೊಸದೇ ತೆಗೆಸಿಕೊಟ್ಟರೆ ಅದು ಇನ್ನೂ ಭಾರ. ತೆಗೆದುಕೊಳ್ಳುವುದಿಲ್ಲ ಅವರು.

ಮನಸ್ಸಿನಲ್ಲಿ ಇನ್ನೊಂದೂ ಇದೆ, ಬರೆದುಬಿಡುತ್ತೇನೆ. ಆ ಸೈಕಲ್ ಕೊಡಲು ನನಗೆ ಇಷ್ಟವಿಲ್ಲ. ಮೊದಲ ಸಂಬಳಗಳಲ್ಲಿ ಉಳಿಸಿ ಕೊಂಡದ್ದು.

10 ಜೂನ್, ಸೋಮವಾರ

ಪುಟ್ಟಿಯನ್ನು ಕರೆದೆ. ನನ್ನ ಸೈಕಲ್ಲಿನ ಸೀಟು ಒಂದಿಂಚು ಮೇಲೆ ಮಾಡಬೇಕಾಯಿತು. ಗೇಟಿನಿಂದ ತಿರುವಿನವರೆಗೆ ಹೋಗಿ ಬಂದಳು. "ಬ್ರೇಕ್ ಚೆನ್ನಾಗಿದೆ ಟೀಚರ್" ಅಂದಳು. ಅಷ್ಟೇ. ಅವಳ ಬೆಲ್ಲಿನ ನವಿಲಿನ ಬಗ್ಗೆ ಕೇಳಬೇಕೆನಿಸಿತು, ಕೇಳಲಿಲ್ಲ.

12 ಜೂನ್, ಬುಧವಾರ

ಸಂಜೆ ಎಲ್ಲ ಜೋಡಿಸಿದೆವು. ಬಡಗಿ, ಇವರು, ನಾನು.

ಬಾಗಿಲ ಪಕ್ಕ ಅಪ್ಪನದನ್ನು ನಿಲ್ಲಿಸಿ, ಅದರಾಚೆ ಬಿಎಸ್‌ಎ, ಕೊನೆಗೆ ಅಟ್ಲಾಸ್. ನೋಡಲು ಚೆನ್ನಾಗಿತ್ತು. ಆಮೇಲೆ ಬೆಳಿಗ್ಗೆ ಎಂಟಕ್ಕೆ ಬರುವ ಪುಟ್ಟಿಯ ಹಾಗೆ ತೆಗೆದು ನೋಡಿದೆ. ಅಪ್ಪನದನ್ನು ಹೊರಗೆ ತರದೆ ಬಿಎಸ್‌ಎ ಬರುವುದೇ ಇಲ್ಲ. ಇಪ್ಪತ್ತು ಕಿಲೋ, ದಿನಾ ಎರಡು ಸಲ.

ಅಪ್ಪನದನ್ನು ಮೇಲೆ ಹಾಕಿಸಿದೆ. ಕೊಕ್ಕೆಗೆ ಹಳೆ ಟ್ಯೂಬು ಸುತ್ತಿ, ಎರಡೂ ಗಾಲಿ ಹಿಡಿದು ಎತ್ತಿದರು. ಪುಟಾಣಿ ಸೈಕಲ್ಲೂ ಮೇಲೆ, ಗೇರ್ ಸೈಕಲ್ ಕೆಳಗೆ. ಅಪ್ಪನದು ಅಲ್ಲಿ ತೂಗುವುದನ್ನು ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ಸೀರೆಯ ತುಂಡು ಹೊದಿಸಿ ಬಂದೆ.

ಗುಜರಿಯ ಮಾತು ಇವರು ಮತ್ತೆ ಎತ್ತಲಿಲ್ಲ.

14 ಜೂನ್, ಶುಕ್ರವಾರ

ಮಧ್ಯಾಹ್ನದಿಂದ ಜಡಿ ಮಳೆ. ಕೊಟ್ಟಿಗೆಯ ಹಂಚು ಒಂದು ಕಡೆ ಸೋರುತ್ತಿದೆ. ಅಟ್ಲಾಸಿನ ಮೇಲೆ ಅಲ್ಲ, ಪುಣ್ಯ. ನಾಳೆ ಹಂಚು ಸರಿಸಬೇಕು.

ನಾಲ್ಕೂ ಮುಕ್ಕಾಲಿಗೆ ಪುಟ್ಟಿ ತೊಯ್ದುಕೊಂಡು ಬಂದಳು. ತಾನೇ ಬೀಗ ತೆಗೆದು, ಸೈಕಲ್ಲನ್ನು ಬಾಗಿಲ ಪಕ್ಕದ ಜಾಗಕ್ಕೆ ತಳ್ಳಿ, ಸರಪಳಿ ಹಾಕಿ, ಚೈನಿನ ನೀರು ಬಟ್ಟೆಯಲ್ಲಿ ಒರೆಸಿದಳು. ಬಚ್ಚಲ ಒಲೆಯ ಹತ್ತಿರ ಕೂರಿಸಿ ಕಾಫಿ ಕೊಟ್ಟೆ.

ಕಳುವಾದ ಸೈಕಲ್ ಸಿಕ್ಕಿಲ್ಲ. ಕೊಟ್ಟಿಗೆಯ ಇನ್ನೊಂದು ಕೀ ಅವಳ ಹತ್ತಿರ ಇದೆ.