ಹೊಳವಾದ ದಿನ ಅಬ್ಬಿಗೆ ಹೋದದ್ದು

ಹದಿನೈದು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮಳೆ ಬಿಡುವೂ ಇಲ್ಲ. ನಿಮ್ಮಲ್ಲೂ ಅದೇ ಕಥೆ ಅಂತ ಗೊತ್ತು. ಕಳೆದ ಭಾನುವಾರ ಒಂದು ದಿನ ಹೊಳವಾಯ್ತಲ್ಲ, ಪುಷ್ಯ ಮಳೆ ನಡುವೆ ಸಿಕ್ಕಿದ್ದು ಅದೊಂದೇ ದಿನ. ಅವತ್ತು ನೀವೆಲ್ಲ ಅಡಿಕೆಗೆ ಔಷಧ ಹೊಡೆಸಿದಿರಿ. ನಾನು ಫಾಲ್ಸ್ ನೋಡೋಕೆ ಹೋದೆ. ಬೈಯೋರು ಬೈಯಿರಿ, ಮನೇಲಿ ಬೈಸಿಕೊಂಡು ಆಗಿದೆ.

ತಂಗಿಯ ಇಬ್ಬರು ಗಂಡುಮಕ್ಕಳು ಬೆಂಗಳೂರಿಂದ ಶನಿವಾರ ರಾತ್ರಿ ಬಂದಿಳಿದಿದ್ದರು, ಜೊತೆಗೆ ಇಬ್ಬರು ಸ್ನೇಹಿತರು. ಹೋದ ವರ್ಷವೇ ಮಾತು ಕೊಟ್ಟಿದ್ದೆ, ಮಳೆಗಾಲದಲ್ಲಿ ಬನ್ನಿ, ಫಾಲ್ಸ್ ಅಂದ್ರೆ ಏನು ಅಂತ ತೋರಿಸ್ತೀನಿ ಅಂತ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ಬೆಳ್ಳಗೆ. ಆರು ಗಂಟೆಗೇ ಕೊನೆಗೌಡನ ಫೋನು.

"ಹೆಗಡೇರೇ, ಹೊಳವಾಗಿದೆ. ಬರ್ಲಾ? ಇವತ್ತು ಬಿಟ್ರೆ ಎಂಟು ದಿನ ನಾನು ಸಿಗೋನಲ್ಲ."

ಮೊದಲ ಔಷಧ ಹೊಡೆಸಿ ಐವತ್ತು ದಿನ ದಾಟಿತ್ತು. ಮೈಲುತುತ್ತು, ಸುಣ್ಣ ತಂದಿಟ್ಟು ವಾರವಾಗಿತ್ತು. ಆದರೂ "ಮಧ್ಯಾಹ್ನದ ಮೇಲೆ ಬಾ ಮಾರಾಯಾ" ಅಂದೆ. ಅವನು ನಕ್ಕ. "ಮಧ್ಯಾಹ್ನದ ಮೇಲಿನ ಆಕಾಶಕ್ಕೆ ನೀವು ಜವಾಬ್ದಾರಿಯಾ?" ಅಂತ ಕೇಳಿ ಫೋನಿಟ್ಟ. ಪಕ್ಕದ ತೋಟಕ್ಕೆ ಹೋದ.

ಮೊದಲು ಉಂಚಳ್ಳಿಗೆ ಹೋದ್ವಿ. ಹೆಗ್ಗರಣೆ ದಾಟಿ ಕಾಡೊಳಗೆ ಹೋಗ್ತಾ ಇದ್ದಂಗೆ ಶಬ್ದ ಶುರುವಾಗ್ತದೆ. ಕೆಪ್ಪ ಜೋಗ ಅಂತ ನಮ್ಮ ಹಿರಿಯರು ಸುಮ್ಮನೆ ಕರೆದಿದ್ದಲ್ಲ, ಎದುರಿಗಿದ್ದೋರು ಕೂಗಿದ್ರೂ ಕೇಳೋದಿಲ್ಲ. 1845ರಲ್ಲಿ ಲಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ ಕಂಡುಹಿಡಿದ ಅಂತ ಬರೆದು ಅವನ ಹೆಸರನ್ನೇ ಇಟ್ಟಿದ್ದಾರೆ. ಕೆಪ್ಪ ಜೋಗ ಅಂತ ಹೆಸರಿಟ್ಟೋರಿಗೆ ಅದು ಮೊದಲೇ ಕಂಡಿರಬೇಕಲ್ಲ! 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳ್ತಾಳೆ. ಆದರೆ ಮಳೆಗಾಲದಲ್ಲಿ ಹೋದೋರಿಗೆ ಗೊತ್ತು, ಮೊದಲು ಕಾಣೋದು ಬರೀ ಮಂಜು. ಹುಡುಗರು ಕಂಬಿ ಹಿಡಿದು ಅರ್ಧ ಗಂಟೆ ನಿಂತರು. ಚಿಕ್ಕವನಿಗೆ ಬೇಜಾರಾಗಿ ಮೊಬೈಲ್ ತೆಗೆದ. ಅಷ್ಟೊತ್ತಿಗೆ ಗಾಳಿ ಬೀಸಿ ಪರದೆ ಸರಿದಂಗೆ ಮಂಜು ಸರಿಯಿತು. ಪೂರ್ತಿ ಹೊಳೆ ಎದುರಿಗೆ. ನಾಲ್ಕೂ ಜನ ಬಾಯಿ ಮುಚ್ಚಿದರು. ಎರಡು ನಿಮಿಷ ಇರಬೇಕು, ಮತ್ತೆ ಮಂಜು.

ದೊಡ್ಡವನು ಕೇಳಿದ, "ಮಾವ, ಮೇಲೆ ಡ್ಯಾಮ್ ಗೇಟ್ ತೆಗೆದಿದಾರಾ?"

ಅವನು ನೋಡಿದ್ದು ಜೋಗ. ಅಲ್ಲಿ ಶರಾವತಿಗೆ 1964ರಿಂದ ಲಿಂಗನಮಕ್ಕಿ ಇದೆ. ಜುಲೈಲಿ ಹೋದರೂ ಕೆಲವು ಸಲ ನಾಲ್ಕು ಎಳೆ ನೀರು ಕಾಣೋದಷ್ಟೇ. ಅಘನಾಶಿನಿಗೆ ಡ್ಯಾಮೇ ಇಲ್ಲ, ಇಲ್ಲಿ ಬೀಳೋದೆಲ್ಲ ಮೇಲೆ ಸುರಿದ ಮಳೆ ಅಂತ ಹೇಳಿದೆ. "ಹಂಗಾದ್ರೆ ಸೈರನ್ ಇಲ್ಲ?" ಅಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅಲ್ಲಿಂದ ಬರುವಾಗ ನಾಲ್ವರದ್ದೂ ಒಂದೇ ರಾಗ. ನೋಡಿದ್ದಾಯ್ತು ಮಾವ, ಮುಟ್ಟೋಕೆ ಸಿಗಲಿಲ್ಲ. ಸರಿ, ನಮ್ಮದೇ ಅಬ್ಬಿಗೆ ಕರ್ಕೊಂಡು ಹೋಗ್ತೀನಿ ಅಂದೆ. ಅದು ಎಲ್ಲಿ ಅಂತ ಇಲ್ಲಿ ಬರೆಯೋದಿಲ್ಲ. ಊರಿನೋರಿಗೆ ಗೊತ್ತು, ಗೊತ್ತಿಲ್ಲದೋರಿಗೆ ಬೇಡ. ಒಂದು ವಿಡಿಯೋ ಹೋದರೆ ಮುಂದಿನ ಭಾನುವಾರ ದಣಪೆ ಹತ್ತಿರ ಇಪ್ಪತ್ತು ಬೈಕು ನಿಲ್ತಾವೆ.

ತೋಟ ದಾಟಿ, ದಣಪೆ ದಾಟಿ, ಬೇಣದಿಂದ ಸೊಪ್ಪಿನ ಬೆಟ್ಟ ಹತ್ತಿ ಆಮೇಲೆ ಕಾನು. ಮುಕ್ಕಾಲು ಗಂಟೆ ನಡಿಗೆ. ಉಂಬಳ ಕಂಡು ಹುಡುಗರು ಕುಣಿದಿದ್ದೇ ಕುಣಿದಿದ್ದು. ಕವಳದ ಸಂಚಿಯಿಂದ ಸುಣ್ಣ ತೆಗೆದು ಕಾಲಿಗೆ ಹಚ್ಚಿದೆ. ಬೆಂಗಳೂರಿಂದ ತಂದ ಸ್ಪ್ರೇ ಕೆಲಸ ಮಾಡಲಿಲ್ಲ, ಸುಣ್ಣ ಮಾಡ್ತು.

ಅಬ್ಬಿ ದೊಡ್ಡದೇನಲ್ಲ, ಮೂವತ್ತು ಅಡಿ ಇರಬಹುದು. ನಮ್ಮ ತೋಟಕ್ಕೆ ನೀರು ಬರೋದು ಅಲ್ಲಿಂದಲೇ. ಕೆಳಗೆ ಸಣ್ಣ ಗುಂಡಿ, ಅದರಾಚೆ ಹಳ್ಳದ ನಡುವೆ ಚಪ್ಪಟೆ ಬಂಡೆ. ನೀರು ಮೊಣಕಾಲಿನ ಕೆಳಗಿತ್ತು, ತಿಳಿಯಾಗಿತ್ತು. ಮೂರು ಕಲ್ಲಿನ ಮೇಲೆ ಕಾಲಿಟ್ಟು ಅವರನ್ನ ಬಂಡೆಗೆ ದಾಟಿಸಿದೆ. ನಾನು ವಾಪಸ್ ದಂಡೆಗೆ ಬಂದು ಕವಳ ಹಾಕ್ತಾ ಕೂತೆ. ನಮ್ಮ ಕಡೆ ಒಂದು ಹನಿ ಮಳೆ ಇಲ್ಲ. ಎಲೆಗಳ ನಡುವೆ ಬಿಸಿಲೂ ಬಿದ್ದಿತ್ತು. ಈ ಬಿಸಿಲಲ್ಲಿ ಕೊನೆಗೌಡ ಎಷ್ಟು ಮರ ಮುಗಿಸಿರ್ತಿದ್ದ ಅಂತ ಲೆಕ್ಕ ಹಾಕ್ತಾ ಇದ್ದೆ.

ನೀರಲ್ಲಿ ಕಸ ಬಂತು. ಮೊದಲು ನಾಲ್ಕು ತರಗೆಲೆ, ಆಮೇಲೆ ಸಣ್ಣ ಕಡ್ಡಿ, ಹಿಂದೆನೇ ನೊರೆ. ಚಹಾದ ಬಣ್ಣ. ಅಬ್ಬಿ ಶಬ್ದ ಸಣ್ಣ ಆಗಿದ್ದಿದ್ದು ದಪ್ಪ ಆಯ್ತು. ನಾನು ಎದ್ದು ದಾಟಿದ್ದ ಕಲ್ಲು ಹುಡುಕಿದರೆ ಮೂರರಲ್ಲಿ ಒಂದೇ ಕಾಣ್ತಿತ್ತು.

ಕೂಗಿದೆ. ಅಬ್ಬಿ ಶಬ್ದಕ್ಕೆ ಅವರಿಗೆ ಕೇಳಲಿಲ್ಲ. ಕೈ ಬೀಸಿದೆ. ಅವರೂ ಕೈ ಬೀಸಿದರು. ಒಬ್ಬ ನನ್ನ ಫೋಟೋ ತೆಗೆದ. ಆ ಫೋಟೋ ಆಮೇಲೆ ನೋಡಿದೆ, ಹಲ್ಲು ಕಿರಿದು ಕುಣೀತಾ ಇದ್ದಂಗೆ ಇದೇನೆ.

ದಾರಿಗೆ ಅಂತ ಹಿಡಿದಿದ್ದ ಬಿದಿರಗಳ ಊರಿ ಇಳಿದೆ. ದೊಡ್ಡವನಿಗೆ ನನ್ನ ಮುಖ ನೋಡಿ ಅರ್ಥ ಆಯ್ತು, ತಮ್ಮನ ರಟ್ಟೆ ಹಿಡಿದು ಎಳ್ಕೊಂಡೇ ಬಂದ. ಇನ್ನೊಬ್ಬ ಅವರ ಹಿಂದೆ ದಾಟಿದ. ಕೊನೆಯವನು, ಕನ್ನಡಕದ ಹುಡುಗ, ಬಂಡೆ ಮೇಲೆ ಹಂಗೇ ನಿಂತುಬಿಟ್ಟ. ಬಾ ಅಂದ್ರೆ ಬರೋದಿಲ್ಲ. ಹೆದರಿಕೆಗೆ ಕಾಲು ಬರೋದಿಲ್ಲ ಅನ್ನೋದನ್ನ ಅವತ್ತು ಕಣ್ಣಾರೆ ನೋಡಿದೆ. ನನಗೆ ನೀರು ತೊಡೆಗೆ ಬಂದಿತ್ತು. ಹಾವಸೆ ಕಟ್ಟಿದ ಕಲ್ಲು, ಕಾಲ ಕೆಳಗೆ ಮರಳು ಜಾರೋದು ಗೊತ್ತಾಗ್ತಿತ್ತು. ಗಳದ ತುದಿ ಅವನ ಎದೆಗೆ ತಾಗಿಸಿದೆ, ಹಿಡಿದ. ಈ ಕಡೆಯಿಂದ ದೊಡ್ಡವನು ನನ್ನ ಸೊಂಟ ಹಿಡಿದಿದ್ದ. ಎಳೆದ್ವಿ. ಅರ್ಧಕ್ಕೆ ಬಂದಾಗ ಬಿದ್ದ, ಗಳ ಮಾತ್ರ ಬಿಡಲಿಲ್ಲ. ಕನ್ನಡಕ ಹೋಯ್ತು, ಚಪ್ಪಲಿ ಹೋಯ್ತು.

ದಂಡೆ ಮೇಲೆ ನಿಂತು ತಿರುಗಿ ನೋಡಿದರೆ ಬಂಡೆ ಇಲ್ಲ. ಬಾಯಲ್ಲಿ ಕವಳ ಇನ್ನೂ ಹಾಗೇ ಇತ್ತು, ಉಗಿದಿರಲಿಲ್ಲ.

ನನಗೆ ರಾತ್ರಿ ನಿದ್ದೆ ಬಾರದೇ ಇದ್ದಿದ್ದು ಇದೇ ಲೆಕ್ಕಕ್ಕೆ. ಮೇಲಿನ ಗುಡ್ಡದ ನೆತ್ತಿ ಕಪ್ಪಾದರೆ ಒಂದು ಊಟ ಮುಗಿಸೋಷ್ಟು ಹೊತ್ತು ಇದೆ ಅಂತ ಅಪ್ಪ ಹೇಳೋರು, ಅಷ್ಟರಲ್ಲಿ ದನ ಹೊಡ್ಕೊಂಡು ಹಳ್ಳ ದಾಟಬಹುದು ಅಂತ. ನಾನೂ ಅದೇ ಲೆಕ್ಕ ನಂಬಿ ಕೂತಿದ್ದೆ. ಊಟದ ಹೊತ್ತು ಈಗ ಒಂದು ಕವಳದ ಹೊತ್ತಿಗೆ ಇಳಿದಿದೆ.

ಮೇಲೆ ರಸ್ತೆ ಅಗಲ ಮಾಡಿದಾರೆ, ಚರಂಡಿ ನೀರೆಲ್ಲ ಸೀದಾ ಹಳ್ಳಕ್ಕೆ ಬಿಟ್ಟಿದಾರೆ, ಅದು ನಿಜ. ಅದನ್ನೇ ಬೈದು ಮುಗಿಸೋಣ ಅಂತಿದ್ದೆ. ಆದರೆ ಇಳಿದು ಬರುವಾಗ ನಮ್ಮದೇ ಸೊಪ್ಪಿನ ಬೆಟ್ಟ ನೋಡ್ತಾ ಬಂದೆ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ನಮ್ಮ ಜಿಲ್ಲೆಯೋರಿಗೆ ಹಕ್ಕು ಸಿಕ್ಕಿದೆ. ಅದರಲ್ಲಿ ಬೇಸಿಗೆ ಬೇಸಿಗೆಗೆ ದರಕು ಗುಡಿಸಿ ಗುಡಿಸಿ ನೆಲ ಅಂಗಳದ ಥರ ಮಾಡಿಟ್ಟಿದ್ದೇನೆ. ನೀರು ಅಲ್ಲಿ ನಿಲ್ಲೋಕೆ, ಇಂಗೋಕೆ ಏನಿದೆ? ಕಾನೊಳಗೆ ಕಾಲಿಟ್ಟರೆ ದರಕಲ್ಲಿ ಪಾದ ಹೂತುಹೋಗ್ತದೆ, ಬೆಟ್ಟದಲ್ಲಿ ಮಣ್ಣು ಗಟ್ಟಿ, ಸಣ್ಣ ಸಣ್ಣ ಕೊರಕಲು. ಏಪ್ರಿಲಲ್ಲಿ ಅದೇ ಅಬ್ಬಿ ಬೆರಳು ಗಾತ್ರ ಆದಾಗ ಅಯ್ಯೋ ನೀರಿಲ್ಲ ಅಂತ ಬೋರ್ ಹೊಡೆಸೋ ಮಾತಾಡೋನೂ ನಾನೇ. ಈ ಸಲ ಹಳ್ಳದ ಪಕ್ಕದ ಇಳಿಜಾರಲ್ಲಿ ದರಕು ಮುಟ್ಟಬಾರದು ಅಂದ್ಕೊಂಡಿದ್ದೇನೆ. ಕೊಟ್ಟಿಗೆಗೆ, ತೋಟಕ್ಕೆ ಕಮ್ಮಿ ಬೀಳ್ತದೆ. ಏನು ಮಾಡೋದು ಇನ್ನೂ ಗೊತ್ತಾಗಿಲ್ಲ. ನಿಮ್ಮಲ್ಲಿ ಯಾರಾದರೂ ಬಿಟ್ಟು ನೋಡಿದ್ದರೆ ಹೇಳಿ.

ತಂಗಿ ಈ ಪೇಜ್ ಓದ್ತಾಳೆ, ಅದಕ್ಕೇ ಮೊದಲೇ ಫೋನ್ ಮಾಡಿ ಎಲ್ಲ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಿಕ್ಕವನಿಗೆ ಈಜು ಬರಲ್ಲ ಅಂತ ನಿಂಗೆ ಗೊತ್ತಿತ್ತಲ್ಲ ಅಣ್ಣ" ಅಂದಳು. ಗೊತ್ತಿತ್ತು. ತಪ್ಪು ಹುಡುಗರದ್ದಲ್ಲ.

ಔಷಧದ ವಿಷಯ. ಸೋಮವಾರದಿಂದ ಮತ್ತೆ ಮಳೆ ಹಿಡೀತು. ನಿನ್ನೆ ಹಳ್ಳದ ಪಕ್ಕದ ಸಾಲಲ್ಲಿ ಕಾಯಿ ಉದುರಿದ್ದು ಕಂಡೆ, ತೊಟ್ಟಿನ ಹತ್ತಿರ ನೀರು ಹಿಡಿದ ಕಲೆ, ಕೆಲವಕ್ಕೆ ಬಿಳಿ ಬೂಸಲು. ಸುಮಾರು ನಲವತ್ತು ಮರ. ಉದುರಿದ್ದನ್ನೆಲ್ಲ ಹೆಕ್ಕಿ ತೋಟದಿಂದ ಹೊರಗೆ ಹಾಕಿದೆ. ಪಕ್ಕದ ತೋಟದಲ್ಲಿ ಏನೂ ಇಲ್ಲ, ಅವರು ಭಾನುವಾರ ಹೊಡೆಸಿದ್ದರಲ್ಲ.

ಒಂದು ಕೆಲಸ ಮಾಡೋಣ. ಮೇಲಿನ ಊರಿನೋರು, ಗುಡ್ಡದ ಆಚೆ ಇರೋರು, ಜೋರು ಮಳೆ ಬಿದ್ದ ಕೂಡ್ಲೇ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಮಾತು ಹಾಕಿ. "ಬಂತು" ಅಂತ ಬರೆದರೂ ಸಾಕು. ಕೆಳಗೆ ಹಳ್ಳದಲ್ಲಿ ದನ ಇರ್ತಾವೆ, ಪಂಪು ಎತ್ತೋರು ಇರ್ತಾರೆ, ನೆಂಟರ ಮಕ್ಕಳು ಇರ್ತಾರೆ. ನೆಟ್‌ವರ್ಕ್ ಇದ್ದ ದಿನವಾದ್ರೂ ಆಗ್ತದೆ. ನಮ್ಮ ಕೆಳಗಿನೋರಿಗೆ ಫೋನ್ ಮಾಡೋ ಜವಾಬ್ದಾರಿ ನಂದು.

ಕೊನೆಗೌಡ ನಾಡಿದ್ದು ಬರ್ತೇನೆ ಅಂದಿದ್ದಾನೆ, ಹೊಳವಾದ್ರೆ.