ವಾಸನೆ ಹೋದ ಮೇಲೂ ಉಳಿಯುವುದು

ಬಸವನಗುಡಿಯ ಒಂದು ಅಪಾರ್ಟ್‌ಮೆಂಟು, ಮೂರನೇ ಮಹಡಿ. ಕ್ರಿಸ್‌ಮಸ್ ವಾರದ ಬೆಳಗ್ಗೆ ನೀವು ಆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೀರಿ. ಕಟ್ಟೆಯ ಮೇಲೆ ನೆನೆಸಿಟ್ಟ ಒಣದ್ರಾಕ್ಷಿ, ಗೋಡಂಬಿ ಚೂರು, ಜರಡಿ ಹಿಡಿದ ಮೈದಾ. ಗ್ಯಾಸ್ ಒಲೆಯ ಪಕ್ಕದಲ್ಲೇ ದೊಡ್ಡ ಓಟಿಜಿ ಓವನ್. ಮನೆಯಾಕೆ ಕೇಕ್ ಮಾಡಿ ಮಾರುವವರು. ವರ್ಷದ ಜಿಡ್ಡೆಲ್ಲ ಕರಕಲಾಗಿ ಅಂಟಿದ್ದ ಓವನ್ನಿಗೆ ನಿನ್ನೆ ರಾತ್ರಿ ಕ್ಲೀನರ್ ಸ್ಪ್ರೇ ಹೊಡೆದು, ಒಮ್ಮೆ ಒರೆಸಿ ಮಲಗಿದ್ದರು. ಈಗ ಒಳಗೆಲ್ಲ ಫಳಫಳ. ಟೆಂಪರೇಚರ್ ಗುಂಡಿಯನ್ನು 180ಕ್ಕೆ ತಿರುಗಿಸುತ್ತಾರೆ.

ರಾಡುಗಳು ಕೆಂಪಾಗುವ ಹೊತ್ತಿಗೆ ನಿಂಬೆಯಂಥ ಪರಿಮಳ ಬರುತ್ತದೆ. ಅದರ ಬೆನ್ನಿಗೇ ಘಾಟು. ಒಣಮೆಣಸಿನಕಾಯಿಯ ಒಗ್ಗರಣೆ ಕೆಮ್ಮಿಸಿ ಬಿಟ್ಟುಬಿಡುತ್ತದೆ. ಇದು ಬಿಡುವುದಿಲ್ಲ, ಗಂಟಲು ಕೆರೆದು ಎದೆಗೆ ಇಳಿಯುತ್ತದೆ. ನಿಮ್ಮ ಕಣ್ಣು ಉರಿಯುತ್ತದೆ. ಹಾಲಿನಲ್ಲಿ ಕುಳಿತಿದ್ದ ಅತ್ತೆ ಕೆಮ್ಮುತ್ತಲೇ ಎದ್ದು ಬರುತ್ತಾರೆ.

“ಏನೇ ಅದು ವಾಸನೆ? ಮೊದಲು ಕಿಟಕಿ ತೆಗಿ!”

ಮನೆಯಾಕೆ ಸ್ವಿಚ್ಚಿನತ್ತ ಕೈ ಚಾಚುವಷ್ಟರಲ್ಲಿ ಟಪ್ ಎನ್ನುತ್ತದೆ. ಫ್ಯಾನು ನಿಲ್ಲುತ್ತದೆ, ಫ್ರಿಜ್ಜಿನ ಸದ್ದು ಅಡಗುತ್ತದೆ. ಮೀಟರ್ ಬೋರ್ಡಿನ ಆರ್‌ಸಿಸಿಬಿ ಟ್ರಿಪ್ ಆಗಿದೆ. ಕೇವಲ 30 ಮಿಲಿಆಂಪಿಯರ್ ಕರೆಂಟು ದಾರಿ ತಪ್ಪಿ ಸೋರಿದರೂ ಸಂಪರ್ಕ ಕಡಿದು ಮನುಷ್ಯರನ್ನು ಕಾಯುವ ಸಾಧನ ಅದು. ಮನೆಯಾಕೆ ಅದನ್ನು ಮತ್ತೆ ಮೇಲೆತ್ತಲು ಹೋಗುತ್ತಾರೆ. ಬೇಡ. ಮೊದಲು ಓವನ್ನಿನ ಪ್ಲಗ್ ಕಿತ್ತು, ಆಮೇಲೆ.

ಮಧ್ಯಾಹ್ನ ಮೆಕ್ಯಾನಿಕ್ ಬರುತ್ತಾರೆ. ತಲೆ ಬಗ್ಗಿಸಿ ಒಳಗೆ ಟಾರ್ಚ್ ಹಿಡಿಯುತ್ತಾರೆ. ನೀವೂ ಬಗ್ಗಿ ನೋಡಿ. ಮೂಲೆಗಳಲ್ಲಿ ಬಿಳಿ ಕಲೆಗಳು, ಕೆಳಗಿನ ತಗಡಿನ ಮೇಲೆ ಮಂಕಾದ ತೇಪೆಗಳು, ಅಲ್ಯೂಮಿನಿಯಂ ಟ್ರೇ ಅಲ್ಲಲ್ಲಿ ಕಪ್ಪಾಗಿದೆ.

“ಮೇಡಂ, ರಾಡಿಗೂ ಹೊಡೆದ್ರಾ ಇದನ್ನ?”

“ಹೂಂ, ಅಲ್ಲೇ ಜಾಸ್ತಿ ಜಿಡ್ಡಿತ್ತಲ್ಲ.”

ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ವೈರು ಕಳಚಿ, ರಾಡಿನ ತುದಿಗೆ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಹಚ್ಚುತ್ತಾರೆ. ಮೇಲಿನ ರಾಡು ಸರಿಯಿದೆ. ಕೆಳಗಿನದು ಕರೆಂಟನ್ನು ಮೈಗೆ ಬಿಡುತ್ತಿದೆ. ನಮಗೆ ಕಾಣುವ ಲೋಹದ ಕೊಳವೆಯ ನಡುವೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಗಿಡಿದು ತುಂಬಿರುತ್ತಾರೆ. ಆ ಪುಡಿ ಶಾಖವನ್ನು ಹೊರಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ತೇವ ಕಂಡರೆ ಹೀರಿಕೊಳ್ಳುತ್ತದೆ. ತುದಿಯ ಸೀಲಿನಿಂದ ದ್ರವ ಒಳಗಿಳಿದರೆ ತಡೆ ಸಡಿಲಾಗಿ, ಓವನ್ನಿನ ಮೈಗೇ ಕರೆಂಟು ಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಾಗಿದ್ದರೆ, ಬಾಗಿಲ ಹಿಡಿ ಮುಟ್ಟಿದ ಕೈಗೆ ಶಾಕ್ ಹೊಡೆಯುತ್ತಿತ್ತು.

ಸ್ಪ್ರೇ ಡಬ್ಬ ಕಟ್ಟೆಯ ಮೇಲೇ ಇದೆ. ತಿರುಗಿಸಿ ಓದಿ. ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಸೋಪು ಕಾಯಿಸುವವರು ಎಣ್ಣೆಗೆ ಬೆರೆಸುವುದು ಇದನ್ನೇ. ಓವನ್ನಿನ ಗೋಡೆಗೆ ಅಂಟಿದ ಜಿಡ್ಡನ್ನು ಅದು ಸೋಪಾಗಿಸಿ ಕೀಳುತ್ತದೆ. ಕೈಗೆ ತಾಗಿದಾಗ ಬೆರಳು ಜಾರುವುದೂ ಇದಕ್ಕೇ: ಚರ್ಮದ ಕೊಬ್ಬೂ ಸೋಪಾಗುತ್ತಿರುತ್ತದೆ. ಹಲವು ಸಲ ಮೊದಲಿಗೆ ನೋವೇ ಇರುವುದಿಲ್ಲ, ಅಷ್ಟರಲ್ಲಿ ಗಾಯ ಆಳಕ್ಕೆ ಹೋಗಿರುತ್ತದೆ. ಒಳಗಿನ ಗೋಡೆ ಎನಾಮಲ್ ಆಗಿದ್ದರೆ ಸ್ವಲ್ಪ ತಾಳಿಕೊಂಡೀತು. ಆದರೆ ಅನೇಕ ಓಟಿಜಿಗಳ ಒಳಗೋಡೆ ಸತು ಇಲ್ಲವೇ ಅಲ್ಯೂಮಿನಿಯಂ ಲೇಪಿಸಿದ ತಗಡು. ಕಾಸ್ಟಿಕ್ ಇವೆರಡನ್ನೂ ತಿನ್ನುತ್ತದೆ. ತಿನ್ನುವಾಗ ಹೈಡ್ರೋಜನ್ ಹೊರಡುತ್ತದೆ. ಇಂಥ ಅನೇಕ ಡಬ್ಬಗಳೊಳಗೆ ದ್ರವವನ್ನು ಹೊರತಳ್ಳುವ ಅನಿಲವೂ ಹೊತ್ತಿ ಉರಿಯುವಂಥದ್ದೇ. ಉರಿಯುತ್ತಿರುವ ಗ್ಯಾಸ್ ಒಲೆಯ ಪಕ್ಕ ಅದನ್ನು ಹೊಡೆಯುವುದು ಎಂಥ ಅಪಾಯ, ಯೋಚಿಸಿ.

“ಹೊಸ ರಾಡು ಹಾಕಿದ್ಮೇಲೆ ಖಾಲಿ ಓವನ್ ಒಂದರ್ಧ ಗಂಟೆ ಓಡಿಸ್ತೀನಿ. ಇರೋದೆಲ್ಲ ಸುಟ್ಟುಹೋಗತ್ತೆ ಅಲ್ವಾ?” ಮನೆಯಾಕೆ ಕೇಳುತ್ತಾರೆ.

ಬಹಳಷ್ಟು ಮನೆಗಳಲ್ಲಿ ಎಡವುವುದು ಇಲ್ಲೇ. ಕಾಸ್ಟಿಕ್ ಸೋಡಾ ಕರಗುವುದಕ್ಕೇ 318 ಡಿಗ್ರಿ ಸೆಲ್ಸಿಯಸ್ ಬೇಕು. ಕೇಕ್ ಬೇಯುವ ಶಾಖಕ್ಕೆ ಅದು ಸುಟ್ಟೂ ಹೋಗುವುದಿಲ್ಲ, ಆವಿಯೂ ಆಗುವುದಿಲ್ಲ. ಹಾರಿಹೋಗುವುದು ಡಬ್ಬದಲ್ಲಿದ್ದ ದ್ರಾವಕ, ಪರಿಮಳ. ಮೂಗಿಗೆ ತಿಳಿಯುವುದೂ ಅಷ್ಟೇ. ಕ್ಷಾರ ಗೋಡೆಯಲ್ಲೇ ಒಣಗುತ್ತದೆ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಬಿಳಿ ವಾಷಿಂಗ್ ಸೋಡಾ ಆಗುತ್ತದೆ. ಮೂಲೆಯ ಆ ಬಿಳಿ ಕಲೆಗಳನ್ನು ಈಗ ಇನ್ನೊಮ್ಮೆ ನೋಡಿ. ವಾಸನೆ ನಿಂತಿತೆಂದು ಒಳಗಿಟ್ಟ ಕೇಕಿನ ಮೇಲೆ ಉದುರುವುದು ಅದೇ.

“ಸುಟ್ಟರೆ ಹೋಗಲ್ಲ ಮೇಡಂ, ಒರೆಸಿದ್ರೇನೇ ಹೋಗೋದು,” ಎನ್ನುತ್ತಾರೆ ಮೆಕ್ಯಾನಿಕ್.

“ಒರೆಸಿದ್ದು ಸಾಕೋ ಇಲ್ಲವೋ ಗೊತ್ತಾಗೋದು ಹೇಗೆ?”

ಅತ್ತೆ ಮಾತಾಡದೆ ಸಾಂಬಾರದ ಡಬ್ಬ ತೆಗೆಯುತ್ತಾರೆ. “ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಆರತಿ ನೀರು ಕೆಂಪಾಗತ್ತೆ. ಸುಣ್ಣ ಕ್ಷಾರ, ಇದೂ ಕ್ಷಾರ. ಅರಿಶಿನಕ್ಕೆ ಎರಡೂ ಒಂದೇ.”

ಇಡೀ ಮಧ್ಯಾಹ್ನದಲ್ಲಿ ಇಷ್ಟು ಪಕ್ಕಾ ಮಾತು ಬೇರೆ ಕೇಳಿಲ್ಲ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಲ್ಯಾಬಿನ ಸೂಚಕ ಕಾಗದವೂ ಮಾಡುವುದು ಇಂಥದೇ ಕೆಲಸ.

ಪ್ಲಗ್ ಕಿತ್ತಿದೆ, ಓವನ್ ತಣ್ಣಗಿದೆ, ಕಿಟಕಿ ತೆರೆದಿದೆ. ಮನೆಯಾಕೆ ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳುತ್ತಾರೆ. ಬಟ್ಟೆಯನ್ನು ನೀರಲ್ಲದ್ದಿ, ಚೆನ್ನಾಗಿ ಹಿಂಡಿ ಒರೆಸುತ್ತಾರೆ. ಪ್ರತಿ ಸಲ ಬೇರೆ ನೀರು, ತೊಳೆದ ಬಟ್ಟೆ. ರಾಡಿನ ತುದಿಗಳ ಹತ್ತಿರ ನೀರು ಹನಿಸುವುದಿಲ್ಲ. ಥರ್ಮೋಸ್ಟಾಟಿನ ಸಣ್ಣ ನಳಿಗೆಯನ್ನು ಉಜ್ಜುವುದಿಲ್ಲ. ಅದು ಬಾಗಿದರೆ ಗುಂಡಿ 180 ತೋರಿಸಿದರೂ ಒಳಗಿನ ಶಾಖ ಬೇರೆಯೇ ಆಗುತ್ತದೆ. ಆಮೇಲೆ ಅತ್ತೆ ಬಿಳಿ ಟಿಶ್ಯೂವನ್ನು ಅರಿಶಿನದ ನೀರಲ್ಲದ್ದಿ ಮೂಲೆಗೆ ಒತ್ತುತ್ತಾರೆ. ಹೊರತೆಗೆದರೆ ಇಟ್ಟಿಗೆಗೆಂಪು! ಮತ್ತೆ ನೀರು, ಮತ್ತೆ ಒರೆಸು. ನೀರು ಬೆರೆಸಿದ ವಿನೆಗರ್ ಒಮ್ಮೆ, ಅದರ ಮೇಲೆ ಬರೀ ನೀರು. ನೆನಪಿರಲಿ, ವಿನೆಗರ್ ಗೋಡೆಗೆ ಮಾತ್ರ. ಮೈಮೇಲೆ ಕ್ಷಾರ ಬಿದ್ದರೆ ಹರಿಯುವ ನೀರೇ ಮದ್ದು, ಕಡಿಮೆಯೆಂದರೆ 20 ನಿಮಿಷ. ಕಣ್ಣಿಗೆ ಬಿದ್ದರೆ ಅಷ್ಟು ತೊಳೆದ ಮೇಲೆ ನೇರ ಆಸ್ಪತ್ರೆ. ಕರೆ ಹೋಗಲಿಲ್ಲವೆಂದು ಬ್ಲೀಚನ್ನೋ ಟಾಯ್ಲೆಟ್ ಆಸಿಡ್ಡನ್ನೋ ತರಬೇಡಿ; ಅವೆರಡು ಸೇರಿದರೆ ಏಳುವುದು ಕ್ಲೋರಿನ್.

ಸಂಜೆ ಮೆಕ್ಯಾನಿಕ್ ಹೊಸ ರಾಡು ಕೂರಿಸಿ ಮತ್ತೆ ಮೆಗ್ಗರ್ ಹಿಡಿಯುತ್ತಾರೆ. ಸೋರಿಕೆ ಇಲ್ಲ. ಟಿಶ್ಯೂ ಈಗ ಹಳದಿಯಾಗೇ ಹೊರಬರುತ್ತದೆ, ಆದರೂ ಮನೆಯಾಕೆ ಇನ್ನೊಂದು ಮೂಲೆಗೆ ಒತ್ತಿ ನೋಡುತ್ತಾರೆ. ಕಪ್ಪಾದ ಟ್ರೇಯನ್ನು ಗುಜರಿಗೆ ಎತ್ತಿಡುತ್ತಾರೆ.

“ಇನ್ಮೇಲೆ ಹೇಗೆ ಕ್ಲೀನ್ ಮಾಡ್ಲಿ?”

“ಪ್ರತಿ ಸಲ ಬೇಯಿಸಿ ಆರಿದ್ಮೇಲೆ ಬಿಸಿನೀರಿನ ಬಟ್ಟೇಲಿ ಒರೆಸಿಬಿಡಿ. ಹಳೇ ಕರೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ರಾಡಿಗೆ ಬೇಡ. ರಾಡಿಗಂಟಿದ್ದು ಓವನ್ ಕಾಯ್ವಾಗ ತಾನೇ ಉರಿದುಹೋಗತ್ತೆ.”

ಮನೆಯಾಕೆ ಫೋನ್ ಎತ್ತಿಕೊಳ್ಳುತ್ತಾರೆ. ಆ ಕಡೆ ಇರುವವರು ಇವತ್ತೇ ಕೇಕ್ ಬೇಕೆನ್ನುತ್ತಿರಬೇಕು. “ಇಲ್ಲ ರೀ, ನಾಳೆ ಕೊಡ್ತೀನಿ. ಓವನ್ ರಿಪೇರಿ ಆಗಿದೆ, ಮೊದಲನೇದು ನಮ್ಮ ಮನೆಗೇ ಮಾಡಿ ನೋಡ್ತೀನಿ. ಮಕ್ಕಳು ತಿನ್ನೋದು, ಆತುರ ಬೇಡ.”