ಉದುರುವ ಕೂದಲು, ಉಳಿಯುವ ನಂಟು

ಮನೆಯೊಳಗೆ ನಾಯಿಯನ್ನು ಸಾಕುವವರು ಅದರ ನಿಷ್ಠೆಯೊಡನೆ ಅದರ ಕೂದಲನ್ನೂ ಸ್ವೀಕರಿಸಬೇಕಾಗುತ್ತದೆ. ನೆಲದ ಮೇಲೆ, ಹಾಸಿಗೆಯ ಮೇಲೆ, ಭಾನುವಾರದ ಬಲಿಪೂಜೆಗೆಂದು ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ, ಕೆಲವೊಮ್ಮೆ ಊಟದ ತಟ್ಟೆಯ ಅಂಚಿನಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಮುದ್ದಿನಿಂದ ತಂದ ಮರಿಯು ಬೆಳೆದು ನಾಯಿಯಾದ ಮೇಲೆ ಮನೆಯವರ ಬೇಸರಕ್ಕೆ ಗುರಿಯಾಗುವುದು ಅನೇಕ ವೇಳೆ ಇದರಿಂದಲೇ. ಬೇಸರ ಬಲಿತರೆ ಒಂದು ದಿನ ಆ ನಾಯಿಯು ಹೆದ್ದಾರಿಯ ಬದಿಯಲ್ಲಿಯೋ ಸಂತೆಯ ಮಾಳದಲ್ಲಿಯೋ ಒಂಟಿಯಾಗಿ ನಿಂತಿರುತ್ತದೆ. ಆದ್ದರಿಂದ ಕೂದಲಿನ ಮಾತು ಬರಿಯ ಕಸ ಗುಡಿಸುವ ಮಾತಲ್ಲ. ಒಂದು ಜೀವವನ್ನು ಉಳಿಸಿಕೊಳ್ಳುವ ಅಥವಾ ಕೈಬಿಡುವ ಮಾತು.

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಲ್ಲಿರುವ ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. ಜಿಮ್ಮಿ ಬಿಳಿಯ ಪೊಮೇರಿಯನ್ ಜಾತಿಯ ನಾಯಿ. ಫಾಲ್ಗುಣದ ಬಿಸಿಲು ಏರುತ್ತಿದ್ದಂತೆ, ಅಂದರೆ ನಮ್ಮ ತಪಸ್ಸುಕಾಲದ ದಿನಗಳಲ್ಲಿ, ಅದರ ಮೈಯಿಂದ ಹತ್ತಿಯಂತಹ ಕೂದಲು ಮುದ್ದೆ ಮುದ್ದೆಯಾಗಿ ಉದುರತೊಡಗಿತು. ಅದೇ ದಿನಗಳಲ್ಲಿ ಐದು ವರ್ಷದ ಮೊಮ್ಮಗಳಿಗೆ ರಾತ್ರಿಯ ಹೊತ್ತು ಉಬ್ಬಸ ಹೆಚ್ಚಿತು. "ಮಗುವಿಗಿಂತ ನಾಯಿ ಹೆಚ್ಚೇನ್ರೀ?" ಎಂದು ನನ್ನ ಪತ್ನಿ ಕೇಳಿದಳು. ಆ ಪ್ರಶ್ನೆಗೆ 'ಇಲ್ಲ' ಎಂಬುದೊಂದೇ ಉತ್ತರ. ಆದರೆ ಮಗುವಿಗಿಂತ ಹೆಚ್ಚಲ್ಲ ಎಂದಮಾತ್ರಕ್ಕೆ ನಾಯಿ ಏನೂ ಅಲ್ಲವೆಂದು ಆಗುವುದಿಲ್ಲ. ಎರಡು ಜೀವಗಳಿಗೂ ನ್ಯಾಯ ದೊರಕಬೇಕಾದರೆ ಮೊದಲು ವಿಷಯವನ್ನು ತಿಳಿಯಬೇಕೆಂದು ಮಕ್ಕಳ ವೈದ್ಯರನ್ನೂ ಪಶುವೈದ್ಯರನ್ನೂ ಕಂಡೆವು.

ಪಶುವೈದ್ಯರು ಹೇಳಿದ ಮೊದಲನೆಯ ಮಾತು: ಕೂದಲು ಉದುರುವುದು ರೋಗವಲ್ಲ, ಸ್ವಭಾವ. ಪ್ರತಿಯೊಂದು ಕೂದಲೂ ಬೆಳೆಯುತ್ತದೆ, ಕೆಲಕಾಲ ವಿಶ್ರಮಿಸುತ್ತದೆ, ಬಳಿಕ ಹೊಸದಕ್ಕೆ ಎಡೆ ಮಾಡಿಕೊಟ್ಟು ಕಳಚುತ್ತದೆ. ಪೊಮೇರಿಯನ್, ಜರ್ಮನ್ ಷೆಫರ್ಡ್, ಲ್ಯಾಬ್ರಡಾರ್ ಮುಂತಾದವು ತಂಪು ನಾಡುಗಳಲ್ಲಿ ರೂಪುಗೊಂಡ ತಳಿಗಳು. ಅವುಗಳಿಗೆ ಹೊರಗೊಂದು ಒರಟು ಪದರ, ಒಳಗೊಂದು ಮೃದುವಾದ ದಟ್ಟ ಪದರ, ಹೀಗೆ ಎರಡು ಹೊದಿಕೆಗಳಿರುತ್ತವೆ. ಹಗಲಿನ ಬೆಳಕು ಹೆಚ್ಚುವ ಅಥವಾ ಕಡಿಮೆಯಾಗುವ ಕಾಲದಲ್ಲಿ ಒಳಪದರವು ಒಮ್ಮೆಗೇ ಉದುರುತ್ತದೆ. ಸದಾ ಮನೆಯೊಳಗೆ, ವಿದ್ಯುದ್ದೀಪದ ಬೆಳಕಿನಲ್ಲಿ ವಾಸಿಸುವ ನಾಯಿಗೆ ಈ ಋತುಭೇದ ಮಸುಕಾಗಿ ವರ್ಷವಿಡೀ ಅಷ್ಟಿಷ್ಟು ಉದುರುತ್ತಲೇ ಇರಬಹುದು.

ಎರಡನೆಯ ಮಾತು: ಸ್ವಭಾವವನ್ನೂ ರೋಗವನ್ನೂ ಬೇರ್ಪಡಿಸಿ ನೋಡಬೇಕು. ಮೈಯೆಲ್ಲ ಸಮನಾಗಿ ಉದುರಿ, ಚರ್ಮ ಸ್ವಚ್ಛವಾಗಿದ್ದು, ನಾಯಿ ಚಟುವಟಿಕೆಯಿಂದಿದ್ದರೆ ಹೆಚ್ಚು ಚಿಂತೆ ಬೇಡ. ಆದರೆ ಅಲ್ಲಲ್ಲಿ ಬೋಳಾದ ಮಚ್ಚೆಗಳು, ಕೆಂಪು, ಹೊಪ್ಪಳೆ, ದುರ್ವಾಸನೆ, ಬಿಡದ ತುರಿಕೆ ಕಂಡರೆ ತಡಮಾಡಬಾರದು. ಉಣ್ಣೆ, ಚಿಗಟ, ಕಜ್ಜಿಯನ್ನುಂಟುಮಾಡುವ ಕಣ್ಣಿಗೆ ಕಾಣದ ಹುಳು, ಹುಳುಕಡ್ಡಿಯಂತಹ ಶಿಲೀಂಧ್ರ ಇವು ಸಾಮಾನ್ಯ ಕಾರಣಗಳು. ಹುಳುಕಡ್ಡಿಯು ಮನುಷ್ಯರಿಗೂ ಅಂಟುತ್ತದೆ. ತುರಿಕೆಯಿಲ್ಲದೆ ಎರಡು ಪಕ್ಕೆಗಳಲ್ಲಿಯೂ ಕೂದಲು ತೆಳುವಾಗಿ, ನಾಯಿ ಜಡವಾಗಿ ಮೈ ಬೆಳೆಸಿಕೊಂಡರೆ ಥೈರಾಯ್ಡ್ ಗ್ರಂಥಿಯ ಕೊರತೆಯಿರಬಹುದು. ಮರಿ ಹಾಕಿದ ಹೆಣ್ಣುನಾಯಿಗೆ ಕೆಲವು ವಾರಗಳ ತರುವಾಯ ಕೂದಲು ಬಹಳವಾಗಿ ಉದುರುವುದುಂಟು. ಅದು ತಾನಾಗಿಯೇ ಮತ್ತೆ ಬೆಳೆಯುತ್ತದೆ. ಹಳ್ಳಿಗಳಲ್ಲಿ ಕಜ್ಜಿಗೆ ವಾಹನದ ಹಳೆಯ ಎಂಜಿನ್ ಆಯಿಲ್ ಅಥವಾ ಸೀಮೆಎಣ್ಣೆ ಹಚ್ಚುವ ರೂಢಿಯಿದೆ. ಅದು ಚರ್ಮವನ್ನು ಸುಡುವುದಲ್ಲದೆ, ನೆಕ್ಕಿದಾಗ ಹೊಟ್ಟೆಗೆ ಸೇರಿ ವಿಷವಾಗುತ್ತದೆ.

ಜಿಮ್ಮಿಯದು ಸ್ವಭಾವವೇ ಹೊರತು ರೋಗವಲ್ಲವೆಂದು ತಿಳಿದ ಮೇಲೆ ಉಳಿದದ್ದು ದಿನನಿತ್ಯದ ಆರೈಕೆ. ಉದುರಲಿರುವ ಕೂದಲನ್ನು ನೆಲಕ್ಕೆ ಬೀಳುವ ಮೊದಲೇ ಬಾಚಿ ತೆಗೆಯುವುದೇ ಇದರ ಗುಟ್ಟು. ಬೆಳಿಗ್ಗೆ ಹತ್ತು ನಿಮಿಷ, ಮನೆಯ ಹೊರಗೆ, ಜಗಲಿಯ ಮೇಲೆ. ಎರಡು ಪದರದ ನಾಯಿಗೆ ಉದ್ದ ಹಲ್ಲಿನ ಬಾಚಣಿಗೆ ಬೇಕು. ಗಿಡ್ಡ ಕೂದಲಿನದಕ್ಕೆ ರಬ್ಬರ್ ಹಲ್ಲಿನ ಬ್ರಷ್ ಸಾಕು. ಕೂದಲು ಬೆಳೆದ ದಿಕ್ಕಿನಲ್ಲಿಯೇ, ಚರ್ಮಕ್ಕೆ ಗೀರು ಬೀಳದಂತೆ ಬಾಚಬೇಕು. ಕಿವಿಯ ಹಿಂಭಾಗ, ತೊಡೆಯ ಸಂದು, ಬಾಲದ ಬುಡದಲ್ಲಿ ಗಂಟುಗಳು ಅಡಗಿರುತ್ತವೆ. ಸ್ನಾನ ಮೂರು ನಾಲ್ಕು ವಾರಗಳಿಗೊಮ್ಮೆ ಸಾಕು. ನಾವು ಬಳಸುವ ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ಪದೇಪದೇ ತೊಳೆದರೆ ಚರ್ಮ ಒಣಗಿ ಉದುರುವಿಕೆ ಹೆಚ್ಚುತ್ತದೆ. ಸೆಖೆಯೆಂದು ಮೈಯೆಲ್ಲ ಬೋಳಿಸುವುದೂ ಸಲ್ಲದು. ಆ ಹೊದಿಕೆಯೇ ಅದಕ್ಕೆ ಬಿಸಿಲಿನಿಂದ ರಕ್ಷಣೆ. ಬೋಳಿಸಿದರೆ ಕೆಲವೊಮ್ಮೆ ಮೊದಲಿನಂತೆ ಬೆಳೆಯುವುದೂ ಇಲ್ಲ.

ಆಹಾರವೂ ಮುಖ್ಯ. ಕೂದಲೆಂಬುದು ಬಹುಪಾಲು ಪ್ರೋಟೀನ್. ಬರಿಯ ಹಾಲು-ಅನ್ನ ಅಥವಾ ಮುದ್ದೆಯ ಮೇಲೆಯೇ ಬದುಕುವ ನಾಯಿಯ ಮೈ ಕಳೆಗುಂದುವುದು ಸಹಜ. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮೂಳೆಯಿಲ್ಲದ ಕೋಳಿಮಾಂಸ ಆಗಾಗ ಸೇರಬೇಕು. ನಮ್ಮ ಎಲೆಯಲ್ಲಿ ಉಳಿದ ಸಾರನ್ನು ಸುರಿಯುವುದು ಒಳ್ಳೆಯದಲ್ಲ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳಿಗೆ ಹಾನಿ ಮಾಡುತ್ತವೆ.

ಮಕ್ಕಳ ವೈದ್ಯರು ಇನ್ನೊಂದು ವಿಷಯವನ್ನು ಬಿಡಿಸಿ ಹೇಳಿದರು. ಅಲರ್ಜಿಗೆ ಕಾರಣ ಕೂದಲಿನ ಎಳೆಯಲ್ಲ. ನಾಯಿಯ ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವ ಪ್ರೋಟೀನ್. ಕೂದಲು ಅದನ್ನು ಹೊತ್ತು ತಿರುಗುತ್ತದೆ. ಹೀಗಾಗಿ ಯಾವ ತಳಿಯೂ ಪೂರ್ತಿ ನಿರಪಾಯಕಾರಿಯಲ್ಲ. ಅವರ ಸಲಹೆಯಂತೆ ಮಗು ಮಲಗುವ ಕೋಣೆಗೆ ಜಿಮ್ಮಿಯ ಪ್ರವೇಶ ನಿಂತಿತು. ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸತೊಡಗಿದೆವು. ಪೊರಕೆ ಹೊಟ್ಟನ್ನು ಗಾಳಿಗೆ ಎಬ್ಬಿಸುತ್ತದೆ. ನಾಯಿಯ ಗೋಣಿತಾಟು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಲ್ಪಟ್ಟು ಬಿಸಿಲು ಕಾಣುತ್ತದೆ. ಮಗು ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುತ್ತದೆ. ಉಬ್ಬಸ ಮಾಯವಾಗಿಲ್ಲ, ಧೂಳಿಗೂ ಹೊಗೆಗೂ ಅದು ಈಗಲೂ ಏಳುತ್ತದೆ, ವೈದ್ಯರು ಕೊಟ್ಟ ಇನ್ಹೇಲರ್ ಮನೆಯಲ್ಲಿದೆ. ಆದರೆ ರಾತ್ರಿಗಳು ಶಾಂತವಾಗಿವೆ. ಒಂದು ವೇಳೆ ವೈದ್ಯರು ನಾಯಿ ಇರಲೇಬಾರದೆಂದಿದ್ದರೆ ಅದನ್ನು ಪ್ರೀತಿಯಿಂದ ನೋಡಿಕೊಳ್ಳುವ ಬೇರೊಂದು ಮನೆಯನ್ನು ಹುಡುಕುತ್ತಿದ್ದೆವು. ಅದೂ ಕರ್ತವ್ಯವೇ. ಬೀದಿಗೆ ಬಿಡುವುದು ಮಾತ್ರ ಕರ್ತವ್ಯವಲ್ಲ. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಹಸಿವಿಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ನಮ್ಮ ನಾಡು ನಾಯಿಯನ್ನು ಗೌರವಿಸಿದ ಬಗೆ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವೊಂದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಹಂದಿಯೊಡನೆ ಹೋರಾಡಿ ಮಡಿದಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಗಳ ಹಿಂದೆ ನಾಯಿಗೆ ಕಲ್ಲು ನೆಟ್ಟ ನೆಲದಲ್ಲಿ, ಕೂದಲಿನ ನೆಪದಿಂದ ನಾಯಿಯನ್ನು ಹೊರದೂಡುವುದು ಶೋಭೆಯಲ್ಲ.

ಪವಿತ್ರ ಗ್ರಂಥದಲ್ಲಿ ನಾಯಿಗೆ ಸಿಕ್ಕಿರುವ ಸ್ಥಾನ ಹೆಚ್ಚೇನೂ ಇಲ್ಲ. ಆದರೂ ತೊಬಿತನ ಗ್ರಂಥದಲ್ಲಿ ಒಂದು ನಾಯಿಯಿದೆ. ಯುವಕ ತೊಬಿಯನು ಮಹಾದೂತ ರಫಾಯೇಲರೊಡನೆ ದೂರದ ಪಯಣ ಹೊರಟಾಗ ಅದೂ ಹೊರಡುತ್ತದೆ, ಹಿಂದಿರುಗುವಾಗಲೂ ಜೊತೆಗಿರುತ್ತದೆ. ಅದು ಮಾಡಿದ ಸಾಹಸವೇನೆಂದು ಗ್ರಂಥ ಹೇಳುವುದಿಲ್ಲ. ಜೊತೆಗಿದ್ದುದೇ ಅದರ ಸೇವೆ. ಸಂತ ರೋಕ್ ವ್ಯಾಧಿಪೀಡಿತರಾಗಿ ಕಾಡಿನಲ್ಲಿ ಮಲಗಿದ್ದಾಗ ನಾಯಿಯೊಂದು ಅವರಿಗೆ ರೊಟ್ಟಿ ತಂದುಕೊಟ್ಟಿತೆಂಬ ಪರಂಪರೆಯೂ ಧರ್ಮಸಭೆಯಲ್ಲಿದೆ. ಜೊತೆಗಿರುವವರ ಬೆಲೆ ನಮಗೆ ತಿಳಿಯುವುದು ನಾವು ಬಿದ್ದಾಗಲೇ.

ನಾಯಿಯನ್ನು ಬಾಚುವ ಆ ಹತ್ತು ನಿಮಿಷಗಳಲ್ಲಿ ನನಗೆ ಹೊಳೆದ ಮಾತೊಂದಿದೆ. ವಾಸಿಮಾಡಬೇಕಾದುದು ಯಾವುದು, ಸಹಿಸಿ ನಡೆಸಬೇಕಾದುದು ಯಾವುದು ಎಂಬ ವಿವೇಕ ಸಂಸಾರಕ್ಕೂ ಬೇಕು. ವೃದ್ಧ ತಂದೆಯ ಮರೆವು, ತಾಯಿಯ ರಾತ್ರಿಯ ಕೆಮ್ಮು, ಮಕ್ಕಳ ಚೆಲ್ಲಾಪಿಲ್ಲಿ ಇವುಗಳಲ್ಲಿ ಔಷಧಿ ಬೇಕಾದುದಕ್ಕೆ ಔಷಧಿ ಕೊಡಿಸೋಣ. ಉಳಿದುದಕ್ಕೆ ದಿನಕ್ಕೆ ಹತ್ತು ನಿಮಿಷದ ತಾಳ್ಮೆ ಸಾಕಾಗಬಹುದು. ನಮ್ಮ ಊರಿನ ಹೆಸರಿನಲ್ಲಿಯೇ ಒಂದು ಛತ್ರವಿದೆ. ಛತ್ರದಲ್ಲಿ ಇಳಿದವರು ಕಾಲಿನ ಧೂಳನ್ನು ಹೊರಗೆ ಬಿಟ್ಟು ಬರುವುದಿಲ್ಲ. ಛತ್ರ ನಡೆಸುವವರು ಅದನ್ನು ಗುಡಿಸುತ್ತಾರೆ. ನಮ್ಮ ಮನೆಗಳೂ ಹಾಗಿರಲೆಂದು ಪ್ರಭುವನ್ನು ಬೇಡೋಣ.